ಹತ್ತೂಕಾಲಿಗೆ ತಲೆ ಎತ್ತಿಸಿದ ಅಕ್ಕಾರು

ಮೊನ್ನೆ ತರಗತಿಯಲ್ಲಿ ಬೆಳಕಿನ ವಕ್ರೀಭವನ ಹೇಳುತ್ತಿದ್ದೆ. ಎಷ್ಟು ಚೆನ್ನಾಗಿ ಹೇಳುತ್ತಿದ್ದೆನೆಂದರೆ ನನಗೇ ಆಕಳಿಕೆ ಬಂದಿತ್ತು. ಅಷ್ಟರಲ್ಲಿ ಮೇಜಿನ ಮೇಲಿದ್ದ ನನ್ನ ಹಳೇ ಫೋನು ಕೂಗಿಕೊಂಡಿತು: “ಏ ತಮ್ಮಾ, ತಲಿ ಎತ್ತು! ತಲಿ ಎತ್ತಲೇ, ಬಂತದು!”

ಹೆಣ್ಣುದನಿ. ತುಸು ಒರಟು, ತುಸು ನಗು ಬೆರೆತದ್ದು. ಹಿಂದಿನ ಬೆಂಚಿನಿಂದ ಒಬ್ಬ, “ಸರ್, ಮನ್ಯಾಗಿಂದ ಕರೆದ್ರೇನ್ರಿ?” ಎಂದ. ಮದುವೆಯಾಗದ ಮಾಸ್ತರನಿಗೆ ಈ ಪ್ರಶ್ನೆ ಕೇಳಿದರೆ ಇಡೀ ತರಗತಿಗೆ ಹಬ್ಬ. ನಾನೂ ನಕ್ಕೆ. ಬೇರೆ ದಾರಿ ಏನಿತ್ತು? ಸಿಂಧನೂರು ತಾಲೂಕಿನಲ್ಲಿ ಜನರನ್ನು ಅಣಕಿಸಿಯೇ ಹೆಸರು ಮಾಡಿದವನು ನಾನು. ನನ್ನನ್ನು ಯಾರಾದರೂ ಅಣಕಿಸಿದರೆ ಅದು ಬರಬೇಕಾದ ಬಾಕಿ.

ಆ ಫೋನಿನ ಗಾಜು ಜೇಡರ ಬಲೆಯಂತೆ ಒಡೆದಿದೆ. ಅದರಲ್ಲಿ ಸಿಮ್ಮೂ ಇಲ್ಲ. ಅದು ಮಾಡುವುದು ಎರಡೇ ಕೆಲಸ: ಬೆಳಿಗ್ಗೆ ಹತ್ತೂಕಾಲಿಗೆ ಒಮ್ಮೆ, ಮಧ್ಯಾಹ್ನ ಒಂದೂಕಾಲಿಗೆ ಒಮ್ಮೆ ಕೂಗುವುದು. ಹತ್ತೂವರೆಯ ಆಸುಪಾಸು ಒಂದು ಉಪಗ್ರಹ, ಒಂದೂವರೆಯ ಆಸುಪಾಸು ಇನ್ನೊಂದು ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತಿದ್ದ ಕಾಲದಲ್ಲಿ ಇಟ್ಟ ಅಲಾರಂ ಅದು. ಆ ದನಿ ಅಕ್ಕಾರದು. ಅಲ್ಲ… ನಿಜ ಹೇಳಬೇಕೆಂದರೆ ಆ ದನಿ ನನ್ನದೇ. ಅಕ್ಕಾರ ದನಿಯನ್ನು ನನ್ನ ಗಂಟಲಲ್ಲಿ ತೆಗೆದು ತುಂಬಿಟ್ಟದ್ದು.

ಅವರು ಮೊದಲ ಸಲ ನಮ್ಮ ಕಾಲೇಜಿಗೆ ಬಂದದ್ದು ಆರು ವರ್ಷದ ಹಿಂದೆ, ಒಂದು ಆಟೋದಲ್ಲಿ, ತೊಡೆಯ ಮೇಲೆ ಹಳದಿ ಪೆಟ್ಟಿಗೆ ಇಟ್ಟುಕೊಂಡು. ನಾನಾಗ ಹೊಸದಾಗಿ ಸೇರಿದ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಕಾಲು ತೊಳೆಯಲು ನೀರು ಕೊಡುತ್ತಾರೆ ಎಂದುಕೊಳ್ಳಬೇಡಿ. ಕುರ್ಚಿ ಕೂಡ ಕೊಟ್ಟಿರಲಿಲ್ಲ. ಪ್ರಾಂಶುಪಾಲರು ಆ ಪೆಟ್ಟಿಗೆ ನೋಡಿ, ಯಾವುದೋ ತಪಾಸಣೆ ಬಂತೆಂದು ತಿಳಿದು ಎದ್ದುನಿಂತೇಬಿಟ್ಟರು.

“ಹೈದರಾಬಾದಿನಿಂದ ಬಂದೀನ್ರಿ. ಉಪಗ್ರಹದಿಂದ ಗಾಳಿ ನೋಡೋ ಕೆಲಸ ನಂದು. ಗಾಳ್ಯಾಗಿನ ಹೊಗಿ, ಧೂಳು, ಮೋಡ ಇಂಥಾವು,” ಎಂದರು ಅವರು. “ಮಾಳಿಗಿ ಕೀಲಿ ಬೇಕು. ಮತ್ತ ಭೌತಶಾಸ್ತ್ರ ಓದಿದಾವ, ಬಿಸಲಾಗ ನಿಂದ್ರಾವ ಒಬ್ಬ ಬೇಕು.”

ಪ್ರಾಂಶುಪಾಲರು ಒಂದು ಕ್ಷಣವೂ ಯೋಚಿಸದೆ ನನ್ನತ್ತ ಕೈ ಮಾಡಿದರು. “ಇವನನ್ನ ತಗೊಂಡು ಹೋಗ್ರಿ. ಇಲ್ಲಿದ್ದರ ನನ್ನಂಗ ಮಾತಾಡಿ ಹುಡುಗರನ್ನ ಕೆಡಸ್ತಾನ.”

ಹಾಗೆ ನಾನು ವಿಜ್ಞಾನಕ್ಕೆ ದಾನವಾಗಿ ಹೋದೆ.

ಎರಡನೆಯ ದಿನವೇ ಸಿಕ್ಕಿಬಿದ್ದೆ. ಮಾಳಿಗೆಯ ಮೆಟ್ಟಿಲ ಮೇಲೆ ಇಬ್ಬರು ಗುಮಾಸ್ತರ ಮುಂದೆ ಹೈದರಾಬಾದಿನ ಮೇಡಂ ಥರವೇ ಕನ್ನಡಕ ಏರಿಸಿಕೊಂಡು, ಅವರಂತೆಯೇ ಸೊಂಟಕ್ಕೆ ಕೈ ಕೊಟ್ಟು, “ತಮ್ಮಾ, ಆಕಾಶ ಅಂದ್ರ ಏನಂತ ತಿಳದೀದಿ?” ಎನ್ನುತ್ತಿದ್ದೆ. ಗುಮಾಸ್ತರ ನಗು ಒಮ್ಮೆಲೇ ನಿಂತಾಗ ಹಿಂದೆ ಯಾರಿದ್ದಾರೆಂದು ತಿಳಿಯಿತು.

“ಇನ್ನೊಮ್ಮೆ ಮಾಡು,” ಎಂದರು ಅಕ್ಕಾರು.

ನಾನು ಬೆವತೆ. ಮಾಡಿದೆ. ಅವರು ತಲೆ ವಾರೆ ಮಾಡಿ ಕೇಳಿದರು. “ಕೈ ಇಟ್ಟದ್ದು ಬರೋಬರಿ ಅದ. ಆದ್ರ ನಾ ಅಷ್ಟು ಜಲ್ದಿ ಮಾತಾಡಂಗಿಲ್ಲ. ನಡುವ ಒಂದು ಉಸಿರು ತಗೋತೀನಿ. ಅದನ್ನ ಬಿಟ್ಟೀದಿ.” ಆಮೇಲೆ ಮೆಟ್ಟಿಲ ಮೇಲೆಯೇ ಕೂತು ಹೇಳಿದರು, “ನಿಂದೂ ನಂದೂ ಒಂದ ದಂಧೆ ನೋಡು. ಮುಟ್ಟದೇನ, ದೂರ ನಿಂತು ಒಬ್ಬರನ್ನ ಹಿಡಿಯೋದು. ನಮ್ಮ ಉಪಗ್ರಹನೂ ಅದನ್ನ ಮಾಡ್ತದ. ಆದ್ರ ಹಿಡದದ್ದು ಖರೇನೋ ಸುಳ್ಳೋ ಅಂತ ಕೆಳಗ ಇದ್ದವರನ್ನ ಕೇಳಬೇಕು.”

ಅವತ್ತಿನಿಂದ ನಾನು ಅವರಿಗೆ “ಮೇಡಂ” ಎನ್ನುವುದು ಬಿಟ್ಟೆ. ಅಕ್ಕಾರು ಎಂದೆ. ಅವರು ಬೇಡವೆನ್ನಲಿಲ್ಲ.

ಅವರು ಹುಡುಕಿಕೊಂಡು ಬಂದದ್ದು ಒಂದು ತಪ್ಪನ್ನು. ದೀಪಾವಳಿಯ ನಂತರ ನಮ್ಮ ಕಾಲುವೆ ಸೀಮೆಯಲ್ಲಿ ಭತ್ತದ ಕೊಯ್ಲು. ಮಷೀನು ಕೊಯ್ದು ಹೋದ ಮೇಲೆ ಹೊಲದ ತುಂಬ ಹುಲ್ಲು ಉಳಿಯುತ್ತದೆ. ಎರಡನೇ ಬೆಳೆಗೆ ನೀರು ಬರುವುದರೊಳಗೆ ನೆಲ ಖಾಲಿಯಾಗಬೇಕು. ಕಡ್ಡಿ ಗೀರುತ್ತಾರೆ. ಜವಳಗೇರಾದಿಂದ ಸಾಲಗುಂದದವರೆಗೆ ಆಕಾಶವೇ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಅಕ್ಕಾರ ಕಚೇರಿಯ ನಕ್ಷೆಯಲ್ಲಿ, ಹೊಗೆ ಅತಿ ದಟ್ಟವಾಗಿದ್ದ ದಿನಗಳಲ್ಲೇ ನಮ್ಮ ಸೀಮೆ ಬೆಳ್ಳಗೆ, ಖಾಲಿ. ಉಪಗ್ರಹದ ಲೆಕ್ಕಕ್ಕೆ ಒಂದು ನಿಯಮವಿತ್ತಂತೆ: ತೀರಾ ದಟ್ಟವಾಗಿ, ಬೆಳ್ಳಗೆ ಕಂಡದ್ದೆಲ್ಲ ಮೋಡ, ಮೋಡವಿದ್ದ ಕಡೆ ಗಾಳಿಯ ಲೆಕ್ಕ ಬಿಡು.

“ಕಡಿಮಿ ಹೊಗಿ ಇದ್ದ ದಿನ ಲೆಕ್ಕಕ್ಕ ಬರ್ತೀವಿ, ಜಾಸ್ತಿ ಇದ್ದ ದಿನ ನಾವು ಇಲ್ಲೇ ಇಲ್ಲ,” ಎಂದರು ಅಕ್ಕಾರು. “ನಮ್ಮ ಕಚೇರಿ ದೊಡ್ಡವರು ಅಂತಾರ, ಅವತ್ತು ಅಲ್ಲಿ ಮೋಡ ಇತ್ತು. ಮಳಿ ಹೋಗಿ ತಿಂಗಳಾದ ಮ್ಯಾಲ ಸಿಂಧನೂರಾಗ ಎಲ್ಲಿ ಮೋಡಲೇ?”

ಮೋಡವಲ್ಲ, ಹೊಗೆ ಎಂದು ತೋರಿಸಿದರೆ ನಮ್ಮ ಸೀಮೆಗೆ ಆ ನಿಯಮ ಬದಲಾಗುತ್ತಿತ್ತು. ಅದಕ್ಕೆ ಎರಡು ಬೇಕಿತ್ತು: ಉಪಗ್ರಹ ಹಾಯುವ ಹೊತ್ತಿಗೆ ಸರಿಯಾಗಿ ಸೂರ್ಯನಿಗೆ ಹಿಡಿದು ಒತ್ತಿದ ಯಂತ್ರದ ಅಳತೆ, ಮತ್ತು ಅದೇ ಹೊತ್ತಿಗೆ ಆಕಾಶ ನೋಡಿದ ಒಬ್ಬ ಮನುಷ್ಯನ ಬರಹ. ಅದಕ್ಕೆ ಅವರು “ನೆಲದ ಸಾಕ್ಷಿ” ಎನ್ನುತ್ತಿದ್ದರು. ಕಚೇರಿ ಅವರಿಗೆ ಕೊಟ್ಟದ್ದು ಒಂದೇ ಸುಗ್ಗಿಯ ಅವಧಿ. ಅಷ್ಟರಲ್ಲಿ ಆಗಲಿಲ್ಲವೆಂದರೆ ಹಳದಿ ಪೆಟ್ಟಿಗೆ ಬೇರೆ ಊರಿಗೆ ಹೋಗುತ್ತಿತ್ತು. ನಾವು ನಕ್ಷೆಯಲ್ಲಿ ಬಿಳಿಯಾಗಿಯೇ ಉಳಿಯುತ್ತಿದ್ದೆವು.

ಯಂತ್ರ ಅಂಗೈಯಷ್ಟಿತ್ತು. ಅದರ ಪುಟ್ಟ ಕಿಂಡಿಯಲ್ಲಿ ಸೂರ್ಯ ನಡುಮಧ್ಯೆ ಬಂದಾಗ ಗುಂಡಿ ಒತ್ತಿದರೆ, ನೀಲಿ, ಹಸಿರು, ಕೆಂಪು ಬೆಳಕು ಎಷ್ಟೆಷ್ಟು ಕೆಳಗೆ ಬಂತೆಂದು ಬೇರೆಬೇರೆ ಅಳೆದು ತನ್ನೊಳಗೇ ಇಟ್ಟುಕೊಳ್ಳುತ್ತಿತ್ತು. ಜೊತೆಗೊಂದು ಉದ್ದನೆಯ ಪುಸ್ತಕ. ತಾರೀಕು, ಹೊತ್ತು, ಆಕಾಶ, ನೋಡಿದವರು, ಪರಿಶೀಲಿಸಿದವರು — ಐದು ಕಾಲಮ್ಮು. ಶಾಯಿ ಪೆನ್ನಿನಲ್ಲೇ ಬರೆಯಬೇಕು. ಅಳಿಸುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಗೆರೆ, ಕೆಳಗಿನದು ಓದಲು ಬರುವಂತೆ. ಇದು ಅವರಿಗೆ ಅವರಪ್ಪನಿಂದ ಬಂದ ಪದ್ಧತಿ. ಅವರಪ್ಪ ಎಡದಂಡೆ ಕಾಲುವೆಯ ಲಸ್ಕರ್. ತೂಬಿನ ಹತ್ತಿರ ನೆಟ್ಟ ಅಳತೆಗೋಲಿನಲ್ಲಿ ನೀರು ಎಷ್ಟಿದೆ ಎಂದು ಹೊತ್ತುಹೊತ್ತಿಗೆ ನೋಡಿ ಬರೆಯುವ ನೌಕರಿ.

ಪ್ರತಿದಿನದ ಅಳತೆ ನನ್ನ ಪಾಲಿಗೆ. ಕಾಲೇಜಿದ್ದ ದಿನ ಕಾಲೇಜಿನ ಮಾಳಿಗೆ, ರಜೆಯ ದಿನ ಜವಳಗೇರಾದಲ್ಲಿ ನಮ್ಮ ಮನೆಯ ಮಾಳಿಗೆ. ಹದಿನೈದು ದಿನಕ್ಕೊಮ್ಮೆ ಅಕ್ಕಾರು ಬಂದು ಕೊನೆಯ ಕಾಲಮ್ಮಿನಲ್ಲಿ ಸಹಿ ಮಾಡಿ, ಮಸ್ಕಿಯ ತಮ್ಮ ಮನೆಗೆ ಹೋಗುತ್ತಿದ್ದರು. ಒಮ್ಮೆ ನನ್ನನ್ನೂ ಕರೆದೊಯ್ದರು. ಗುಡ್ಡಕ್ಕೆ ಮುಖ ಮಾಡಿದ ಮನೆ. ಗೋಡೆಯ ಮೇಲೆ ಬುದ್ಧನ ಪಟ, ಮಾಳಿಗೆಯ ಮೇಲೆ ನೀಲಿ ಬಾವುಟ. ಅವರ ತಾಯಿ ರೊಟ್ಟಿ, ಪುಂಡಿಪಲ್ಯ ಬಡಿಸುತ್ತ, “ನೀನು ಜವಳಗೇರಾದಾವೇನಪ್ಪ?” ಎಂದು ಕೇಳಿದರು. ಹೌದೆಂದೆ. “ಚಲೋ ಅದ. ನನ್ನ ತವರು ಪಾಮನಕಲ್ಲೂರು. ನಿಮ್ಮ ಕಾಲುವಿ ನೀರು ಒಂದು ಹನಿ ಕಂಡಿಲ್ಲ. ಹೊಗಿ ಮಾತ್ರ ತಪ್ಪದಂಗ ಮುಟ್ಟಸ್ತೀರಿ.”

ಅಕ್ಕಾರು ರೊಟ್ಟಿ ಮುರಿಯುತ್ತ ನಕ್ಕರು. ನಾನು ಪಲ್ಯದ ಖಾರಕ್ಕೆ ಕಣ್ಣೊರೆಸಿಕೊಂಡಂತೆ ನಟಿಸಿದೆ.

ಸುಗ್ಗಿ ಬಂತು. ಅದರ ಜೊತೆ ಡಂಗುರವೂ ಬಂತು: ಹುಲ್ಲಿಗೆ ಬೆಂಕಿ ಹಚ್ಚಿದರೆ ಜುಲ್ಮಾನೆ. ಅವತ್ತು ಸಂಜೆ ಮನೆಯಲ್ಲಿ ಕಾಕಾ, ಎಂದರೆ ನಮ್ಮಪ್ಪನ ತಮ್ಮ, ನಮ್ಮ ಹೊಲಮನೆ ನೋಡಿಕೊಳ್ಳುವ ಹಿರಿಯ, ನನ್ನನ್ನು ಹಿಡಿದುಕೊಂಡ.

“ಏನಲೇ, ಆ ಹೆಣಮಗಳು ಮ್ಯಾಲಿಂದ ನಮ್ಮ ಹೊಲ ನೋಡಾಕತ್ತಾಳಂತ. ನೀ ಕೆಳಗ ನಿಂತು ಸಾಕ್ಷಿ ಹೇಳಾಕತ್ತೀದಂತ. ಮನಿ ಅನ್ನ ಉಂಡು ಮನಿ ಮ್ಯಾಲ ಚಾಡಿ?”

“ಚಾಡಿ ಅಲ್ಲ ಕಾಕಾ, ವಿಜ್ಞಾನ.”

“ವಿಜ್ಞಾನ ಬಂದು ಹುಲ್ಲು ಎತ್ತತದೇನು? ನೀನ ಎತ್ತು ಬಾ ಹಂಗಾರ, ಒಂಬತ್ತು ಎಕರೆ!”

ನಾನು ಕಾಕಾನ ಮಾತನ್ನು ಅವನಂತೆಯೇ ಹಲ್ಲು ಕಚ್ಚಿ ತಿರುಗಿ ಒಪ್ಪಿಸಿದೆ. ಮನೆಮಂದಿಯೆಲ್ಲ ನಕ್ಕರು. ಅದು ನನ್ನ ಹಳೆಯ ವಿದ್ಯೆ, ಕಷ್ಟದ ಪ್ರಶ್ನೆಗೆ ಉತ್ತರ ಕೊಡದೆ ಪ್ರಶ್ನೆ ಕೇಳಿದವರನ್ನೇ ಅಣಕಿಸುವುದು. ಆದರೆ ಒಳಗೆ ಹೆದರಿದ್ದೆ. ಮುಂದಿನ ಭಾನುವಾರ ಕಾಕಾ ಕಡ್ಡಿ ಗೀರಿದ. ಹತ್ತೂಕಾಲಿಗೆ ನಾನು ಮಾಳಿಗೆಯ ಮೇಲಿದ್ದೆ. ಸೂರ್ಯ ಒಂದು ಹಳೇ ತಾಮ್ರದ ಬಿಲ್ಲೆಯಂತೆ ತೂಗುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಯಂತ್ರದ ಗುಂಡಿ ಒತ್ತಿದೆ. ಪುಸ್ತಕ ತೆಗೆದೆ. ಆಕಾಶದ ಕಾಲಮ್ಮಿನಲ್ಲಿ ಚೆಂದದ ಅಕ್ಷರದಲ್ಲಿ ಬರೆದೆ: ತೆಳು ಮೋಡ.

ಆ ವಾರ ನಮ್ಮ ಅಕ್ಕಪಕ್ಕದವರೂ ಹಚ್ಚಿದರು. ನಾನು ಕಾಲೇಜಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಒಟ್ಟು ಐದು ದಿನ ಹಾಗೆಯೇ ಬರೆದೆ. ಒಂದು ದಿನ “ದಟ್ಟ ಮೋಡ” ಎಂದೂ ಬರೆದೆ, ಬದಲಾವಣೆ ಇರಲಿ ಎಂದು. ಉಪಗ್ರಹವೂ ಮೋಡ ಅಂತದೆ, ನಾನೂ ಮೋಡ ಅಂತೇನೆ, ಕಾಕಾನೂ ಬಚಾವು. ಎಂಥ ಜಾಣ ನಾನು ಎಂದು ನನಗೇ ಬೆನ್ನು ತಟ್ಟಿಕೊಳ್ಳಬೇಕೆನಿಸಿತು.

ಅಕ್ಕಾರು ಬಂದರು. ಕಾಲೇಜಿನ ಮಾಳಿಗೆಯ ನೀರಿನ ಟಾಕಿಯ ನೆರಳಲ್ಲಿ ಕೂತು ಯಂತ್ರದ ಅಳತೆಗಳನ್ನು ಕಂಪ್ಯೂಟರಿಗೆ ಇಳಿಸಿದರು. ಪುಸ್ತಕ ತೆರೆದರು. ಸಾಲುಸಾಲಾಗಿ ಬೆರಳಿಟ್ಟು ಎರಡನ್ನೂ ಹೋಲಿಸಿ ನೋಡಿದರು.

“ಈ ಭಾನುವಾರ ಮೋಡ ಹೆಂಗಿತ್ತು ತಮ್ಮಾ?”

ನಾನು ಆಕಾಶವಾಣಿಯ ಹವಾಮಾನ ವರದಿಯ ದನಿ ತೆಗೆದೆ. “ರಾಯಚೂರು ಜಿಲ್ಲೆಯ ಒಂದೆರಡು ಕಡೆ ತೆಳು ಮೋಡ ಕವಿದ ವಾತಾವರಣವಿದ್ದು…”

ಅವರು ಮನಸ್ಸು ತುಂಬಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

“ಮೋಡಕ್ಕ ಭೇದಭಾವ ಇಲ್ಲ ತಮ್ಮಾ. ನೀಲಿ, ಹಸಿರು, ಕೆಂಪು, ಎಲ್ಲಾ ಬರೋಬರಿ ನುಂಗ್ತದ. ಹೊಗಿ ಹಂಗಲ್ಲ. ಹೊಗಿಗೆ ನೀಲಿ ಕಂಡ್ರ ಆಗಂಗಿಲ್ಲ. ನಮ್ಮ ಕಡೆ ಕೆಲವು ಮಂದಿ ಇದ್ದಾರಲ್ಲ, ಹಂಗ. ನೀಲಿನ್ನ ಹುಡುಕಿ ಹುಡುಕಿ ತಿಂತದ.” ಬೆರಳಿಟ್ಟು ತೋರಿಸಿದರು. ಆ ಐದು ದಿನಗಳ ಸಾಲಿನಲ್ಲಿ ನೀಲಿ ಕುಸಿದು ಬಿದ್ದಿತ್ತು. ಕೆಂಪು ಆರಾಮಾಗಿತ್ತು. “ಈಗ ಹೇಳು. ಯಂತ್ರ ಸುಳ್ಳು ಹೇಳ್ತದೋ, ನೀನೋ?”

ನನ್ನ ಬಾಯಿಯಿಂದ ಯಾರ ದನಿಯೂ ಬರಲಿಲ್ಲ. ನನ್ನದು ಸಹ.

“ಕಾಕಾನ ಹೊಲ ರೀ…” ಎಂದೆ ಕೊನೆಗೆ. “ಜುಲ್ಮಾನೆ ಹಾಕ್ತಾರಂತ…”

“ನಾ ನೋಡೋ ನಕ್ಷದಾಗ ಒಂದು ಚೌಕ ಅಂದ್ರ ನಿಮ್ಮೂರು ಪೂರ್ತಿ ಮುಳುಗಿ, ಮಗ್ಗಲ ಊರೂ ಅರ್ಧ ಮುಳುಗ್ತದ. ಅದರಾಗ ಕಾಣಾಕ ನಿಮ್ಮ ಕಾಕಾ ಅಷ್ಟು ದೊಡ್ಡ ಮನಶ್ಯಾನಲ್ಲ.”

ನಗಬೇಕಿತ್ತು. ನಗು ಬರಲಿಲ್ಲ. ಆಗ ಅವರು ತಮ್ಮಪ್ಪನ ಕತೆ ಹೇಳಿದರು. ಒಂದು ವರ್ಷ ಕಾಲುವೆಯ ಮೇಲ್ಭಾಗದ ದೊಡ್ಡ ಒಕ್ಕಲಿನವರು ನೀರು ತಿರುಗಿಸಿಕೊಂಡು, ಲಸ್ಕರನ ಮೇಲೆ ಜೋರು ಮಾಡಿ, ಪುಸ್ತಕದಲ್ಲಿ ಮಾತ್ರ ಪೂರ್ತಿ ನೀರು ಹಾಯ್ದಿದೆ ಎಂದು ಬರೆಸಿದರಂತೆ. ಕೆಳಗಿನ ಊರುಗಳವರು ಒಣಗಿದ ಸಸಿ ಕಿತ್ತು ತಂದು ಕಚೇರಿಯ ಮುಂದೆ ಸುರಿದರು. ಸಾಹೇಬರು ಪುಸ್ತಕ ತೆಗೆದು ತೋರಿಸಿದರು: ನೀರು ಬಂದಿದೆ, ಬರೆದಿದೆ ನೋಡಿ.

“ನನ್ನಪ್ಪ ಅಲ್ಲೇ ಬಾಗಲದಾಗ ನಿಂತಿದ್ದ. ಮುಂದ ಹೋಗಿ ಹೇಳಿದ, ಸಾಹೇಬರ, ಅದು ನಾ ಬರದ ಸುಳ್ಳು. ಎಲ್ಲರ ಮುಂದ ಪೆನ್ನ ತಗದು ಅದರ ಮ್ಯಾಲ ಗೆರಿ ಹೊಡದ. ಅವನನ್ನ ಎಲ್ಲಿಗೋ ಎತ್ತಿ ಒಗದ್ರು, ನಾವು ಮಸ್ಕಿಗೆ ಬಂದ್ವಿ. ಆದ್ರ ನೀರು ಬಂತು.” ಒಂದು ಉಸಿರು ತೆಗೆದುಕೊಂಡರು. “ನಾ ಅಳಸಂಗಿಲ್ಲ. ನಾ ತಿದ್ದಂಗೂ ಇಲ್ಲ. ನೋಡಿದಾವ ನೀನು. ಈ ಐದು ದಿನ ಬಿಟ್ಟರ ನನ್ನ ಕಡೆ ದಿನ ಸಾಲಂಗಿಲ್ಲ. ಹಿಂಗ ಒಯ್ದರ ನನ್ನ ಸಾಕ್ಷಿನೇ ನನಗ ಎದುರು. ಪುಸ್ತಕ ನಿನ್ನ ಕಡೆ ಇರಲಿ. ಮುಂದಿನ ವಾರ ಸಭಾ ಅದ. ನೀ ಏನು ಬರದು ಕೊಡ್ತೀಯೋ, ಅದನ್ನ ಅವರ ಮುಂದ ಇಡ್ತೀನಿ.”

ಬೈದಿದ್ದರೆ ಅದನ್ನೂ ಅಣಕಿಸಿ ಮರೆಯಬಹುದಿತ್ತು…

ಪುಸ್ತಕ ಬಗಲಲ್ಲಿಟ್ಟುಕೊಂಡು ಮನೆಗೆ ಹೋದೆ. ಕಾಕಾ ಪಡಸಾಲೆಯಲ್ಲಿ ಕೂತಿದ್ದ. ಅವನ ಮೊಮ್ಮಗಳು, ನಾಲ್ಕು ವರ್ಷದ ಚೋಟು, ನನ್ನನ್ನು ಕಂಡೊಡನೆ ಕುಣಿಯಿತು. “ಅಜ್ಜನ ಕೆಮ್ಮು ಮಾಡು! ಅಜ್ಜನ ಕೆಮ್ಮು ಮಾಡು!” ಅದು ನಮ್ಮ ಮನೆಯ ಹೆಸರಾಂತ ಕಾರ್ಯಕ್ರಮ. ಬೆಳಿಗ್ಗೆ ಎದ್ದು ಕಾಕಾ ಕೆಮ್ಮುವುದನ್ನು ನಾನು ಮೂರು ಹಂತದಲ್ಲಿ ಮಾಡುತ್ತಿದ್ದೆ: ಟ್ರಾಕ್ಟರು ಶುರುವಾಗದ್ದು, ಶುರುವಾದದ್ದು, ಏರಿ ಹತ್ತಿದ್ದು.

ಮಾಡಿದೆ. ಮಗು ಕೇಕೆ ಹಾಕಿ ನಕ್ಕಿತು. ನಗುತ್ತ ನಗುತ್ತ ಕೆಮ್ಮಿಗೆ ತಿರುಗಿತು. ಶುರುವಾಗದ್ದು, ಶುರುವಾದದ್ದು, ಏರಿ ಹತ್ತಿದ್ದು… ಅದೇ ಮೂರು ಹಂತ. ಯಾರನ್ನೂ ಅಣಕಿಸುತ್ತಿರಲಿಲ್ಲ ಅದು.

ನಗು ನಿಂತಿತು. ಕಾಕಾ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು ಬೆನ್ನು ಸವರಿದ. ನಾನು ಪುಸ್ತಕ ಬಿಚ್ಚಿ ಅವನ ಮುಂದಿಟ್ಟು ನಡೆದದ್ದೆಲ್ಲ ಹೇಳಿದೆ. ಸುಳ್ಳು ಬರೆದದ್ದು, ಸಿಕ್ಕಿಬಿದ್ದದ್ದು, ಲಸ್ಕರನ ಗೆರೆ. ಕಾಕಾ ಗೋಡೆ ನೋಡುತ್ತ ಕೇಳಿದ.

“ಆ ಲಸ್ಕರನ್ನ ನಾ ಕಂಡೀನಿ,” ಎಂದ. “ಅವತ್ತು ಸಸಿ ಕಿತ್ತು ಒಯ್ದವರಾಗ ನಿಮ್ಮ ಮುತ್ಯಾ, ನಮ್ಮಪ್ಪನೂ ಇದ್ದ. ಆವಾಗ ನಮ್ಮ ಹೊಲ ಕೆಳಗಿನ ಊರಾಗ ಇತ್ತು.”

ಮಗುವಿನ ಬೆನ್ನು ಮತ್ತೊಮ್ಮೆ ಸವರಿ, “ಬರಿ,” ಎಂದ. “ಆದ್ರ ನನ್ನ ಹೆಸರು ಬರೀಬ್ಯಾಡ.”

“ಬೆಂಕಿ ಹಚ್ಚಿದವರಿಗೆ ಕಾಲಮ್ಮೇ ಇಲ್ಲ ಕಾಕಾ. ನೋಡಿದವರಿಗೆ ಅಷ್ಟ ಅದ.”

ಐದು ದಿನಗಳ ಮೇಲೆ ಐದು ಗೆರೆ ಎಳೆದೆ. ಪಕ್ಕದಲ್ಲಿ ಬರೆದೆ: ಹೊಗೆ. ಮೊದಲು ಬರೆದದ್ದು ಸುಳ್ಳು. ಬರೆದವನು ನಾನೇ. ಕೆಳಗೆ ಸಹಿ. ಜೀವನದಲ್ಲಿ ನನ್ನದೇ ಕೈಬರಹದಲ್ಲಿ, ನನ್ನದೇ ದನಿಯಲ್ಲಿ ಹೇಳಿದ ಮೊದಲ ಮಾತು ಅದಿರಬೇಕು.

ಸಭೆಗೆ ನೀನೂ ಬಾ ಎಂದರು ಅಕ್ಕಾರು. ರಾಯಚೂರಿನ ಮೇಲೆ ಹೈದರಾಬಾದಿಗೆ ಹೋದೆವು. ತಣ್ಣಗಿನ ಕೋಣೆ, ಉದ್ದನೆಯ ಮೇಜು, ಎಂಟು ಹತ್ತು ಜನ ವಿಜ್ಞಾನಿಗಳು. ಅಕ್ಕಾರು ನನ್ನನ್ನು ತೋರಿಸಿ, “ಇವರು ನಮ್ಮ ನೆಲದ ಸಾಕ್ಷಿ,” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟು ಜನ ನನ್ನ ಕಡೆ ತಿರುಗಿದಾಗ ಪ್ಯಾಂಟಿಗೆ ಅಂಟಿದ್ದ ಬಸ್ಸಿನ ಧೂಳು ನನಗೆ ಕಂಡಿತು.

ತುದಿಯಲ್ಲಿದ್ದ ಹಿರಿಯರೊಬ್ಬರು ಪುಸ್ತಕ ತಿರುವಿ, ಗೆರೆ ಹೊಡೆದ ಪುಟದಲ್ಲಿ ನಿಂತರು. “ಮೊದಲು ಮೋಡ ಎಂದಿದ್ದಾನೆ. ಆಮೇಲೆ ಹೊಗೆ ಎಂದಿದ್ದಾನೆ. ಎರಡನೆಯದನ್ನು ನಾನು ಯಾಕೆ ನಂಬಬೇಕು?”

ನಾನು ಎದ್ದು ನಿಂತೆ. ಬಂದಷ್ಟು ಇಂಗ್ಲಿಷು, ಬಂದಷ್ಟು ಹಿಂದಿ ಸೇರಿಸಿ, ಹೆದರಿ ಸುಳ್ಳು ಬರೆದೆ ಎಂದೆ. ಯಾರಿಗಾಗಿ ಹೆದರಿದೆ ಎಂಬುದನ್ನೂ ಹೇಳಿದೆ. ಅಕ್ಕಾರು ಕೂತಲ್ಲಿಂದಲೇ ಹೇಳಿದರು: “ಸರ್, ಇವನನ್ನು ನಂಬಬೇಡಿ. ಇವನು ಮಿಮಿಕ್ರಿ ಮಾಡುವವನು. ನೀಲಿಯನ್ನು ನಂಬಿ.”

ನಕ್ಕರು ಎಲ್ಲ. ನಗು ಇನ್ನೂ ಇರುವಾಗಲೇ ಅವರು ಗೋಡೆಯ ಮೇಲೆ ಸಾಲುಗಳನ್ನು ತೋರಿಸಿದರು. ಗೆರೆ ಹೊಡೆದ ಐದು ದಿನ, ಮೊದಲಿಂದಲೂ ಹೊಗೆ ಎಂದೇ ಬರೆದ ದಿನಗಳು, ಎಲ್ಲದರಲ್ಲೂ ನೀಲಿ ಒಂದೇ ರೀತಿ ಕುಸಿದಿತ್ತು. ಸುಗ್ಗಿಗೂ ಮೊದಲು ಖರೇ ಮೋಡವಿದ್ದ ದಿನಗಳಲ್ಲಿ ನಾನು ಮೋಡ ಎಂದೇ ಬರೆದಿದ್ದೆ. ಅಲ್ಲಿ ಮೂರೂ ಬಣ್ಣ ಸಮ. ಹಿರಿಯರು ಕನ್ನಡಕ ತೆಗೆದು ಒರೆಸಿದರು. ಪುಸ್ತಕವನ್ನು ನನ್ನ ಕಡೆ ಜರುಗಿಸಿ, “ಗೆರೆ ಹೊಡೆದಿರುವ ಪುಸ್ತಕ ಬಹಳ ದಿನದ ಮೇಲೆ ನೋಡಿದೆ. ಎಲ್ಲರೂ ಚೊಕ್ಕ ಪುಸ್ತಕವನ್ನೇ ತರುತ್ತಾರೆ,” ಎಂದರು.

ಹೊರಗೆ ಬಂದು ಇರಾನಿ ಚಹಾ ಕುಡಿಯುವಾಗ ಅಕ್ಕಾರು, “ಇನ್ನೊಂದು ಕಪ್ ಕುಡಿ,” ಎಂದರು ಅಷ್ಟೆ. ಕುಡಿದೆ. ಅವರು ಕೊಟ್ಟ ಬಹುಮಾನ ಅದೊಂದೇ. ಇವತ್ತಿಗೂ ಅದಕ್ಕಿಂತ ದೊಡ್ಡದು ನನಗೆ ಸಿಕ್ಕಿಲ್ಲ.

ಮುಂದಿನ ಬೇಸಿಗೆಯಲ್ಲಿ ಅವರು ನನ್ನ ಫೋನಿಗೆ ಒಂದು ನಕ್ಷೆ ಕಳಿಸಿದರು. ಅದೇ ಭಾನುವಾರದ್ದು, ಹೊಸ ನಿಯಮದಿಂದ ಮತ್ತೆ ತೆಗೆದದ್ದು. ಮೊದಲು ಬೆಳ್ಳಗಿದ್ದ ಜಾಗದಲ್ಲಿ ಗಾಢ ಕೆಂಪು ಕಲೆ. ಜವಳಗೇರಾದಲ್ಲಿ ಎದ್ದು, ಸಿಂಧನೂರು, ಸಾಲಗುಂದ ನುಂಗಿ, ಮೂಡಗಾಳಿಗೆ ಹರಿದು ಮಸ್ಕಿ ದಾಟಿ ಲಿಂಗಸುಗೂರಿನ ಕಡೆಗೆ ಬಾಲ ಚಾಚಿತ್ತು. ನಾನು ಅದನ್ನು ಊರ ಚಹಾದಂಗಡಿಯಲ್ಲಿ ತೋರಿಸಿದೆ. ಕಾಕಾ ಫೋನು ಕಸಿದುಕೊಂಡು ಹತ್ತಿರ ಹಿಡಿದು, “ಇದು ನಮ್ದ ಅಲ್ಲೇನು? ನೋಡ್ರಲೇ, ನಮ್ದ!” ಎಂದು ಎಲ್ಲರಿಗೂ ತೋರಿಸಿದ. ಮುಖಕ್ಕೆ ಬಿದ್ದ ಕಲೆಯನ್ನು ಕಂಡು ಇಷ್ಟು ಹೆಮ್ಮೆಪಟ್ಟ ಊರು ಇನ್ನೊಂದು ಇರಲಿಕ್ಕಿಲ್ಲ. ಆದರೆ ನಮ್ಮ ಹೆಮ್ಮೆಗೆ ಕಾರಣವಿತ್ತು. ಅಲ್ಲಿಯವರೆಗೆ ನಾವು ಲೆಕ್ಕದಲ್ಲೇ ಇರಲಿಲ್ಲ. ಲೆಕ್ಕಕ್ಕೆ ಬಂದವರ ಕೆಮ್ಮನ್ನು ಕೇಳಲೇಬೇಕಾಗುತ್ತದೆ. ಮಸ್ಕಿಯ ಲಸ್ಕರನ ಮಗಳು ನಮ್ಮ ಕೆಮ್ಮನ್ನು ಆಕಾಶದಿಂದ ಕಾಣುವಂತೆ ಮಾಡಿದಳು. ಏಕವಚನ ಬಂತು… ಹೆಮ್ಮೆಗೆ ಬಂತು, ಇರಲಿ.

ಆಮೇಲೆಯೂ ಎರಡು ಸುಗ್ಗಿ ಅವರು ಬಂದರು. ಆ ದಿನಗಳಲ್ಲೇ ನಾನು ಅವರ ದನಿಯನ್ನು ಫೋನಿಗೆ ತುಂಬಿದ್ದು. ಕೇಳಿಸಿದಾಗ, “ಚಲೋ ಅದ. ಉಸಿರು ಮಾತ್ರ ಮತ್ತ ಬಿಟ್ಟೀದಿ,” ಎಂದು ನಕ್ಕರು. ನಾನು ಅದನ್ನು ಅವರ ಮಾತಿನ ಧಾಟಿ ಎಂದು ತಿಳಿದಿದ್ದೆ. ಗಂಡಸರು ಮೀಸೆ ತಿರುವುವ ಹಾಗೆ, ಒಂದು ಅಭ್ಯಾಸ. ಮಾಳಿಗೆಯ ಮೆಟ್ಟಿಲು ಅವರು ಎರಡು ಸಲ ನಿಂತು ಹತ್ತುತ್ತಿದ್ದುದನ್ನೂ ಅಣಕಿಸಿದ್ದೆ. ಅವರ ಶ್ವಾಸಕೋಶ ಹಾಳಾಗಿ ಬಹಳ ವರ್ಷಗಳಾಗಿದ್ದವೆಂದು ತಿಳಿದದ್ದು, ಅವರು ಹೋದರೆಂದು ಮಸ್ಕಿಯಿಂದ ಫೋನು ಬಂದ ದಿನ. ಯಾವುದರಿಂದ ಬಂದ ಕಾಯಿಲೆ ಎಂದು ಅವರು ಯಾರಿಗೂ ಹೇಳಿರಲಿಲ್ಲವಂತೆ. ಅಳತೆ ಇಲ್ಲದ್ದನ್ನು ಹೇಳುವ ಹೆಂಗಸಲ್ಲ ಅವರು.

ಮಸ್ಕಿಗೆ ಹೋದೆ. ಬುದ್ಧನ ಪಟದ ಕೆಳಗೆ ಮೇಣದ ಬತ್ತಿ ಉರಿಯುತ್ತಿತ್ತು. ಅವರ ತಾಯಿ ನನ್ನ ಕೈ ಹಿಡಿದು ಕೂರಿಸಿಕೊಂಡರು. “ಅಕಿ ನಿನ್ನ ಸುದ್ದಿ ಭಾಳ ಹೇಳ್ತಿದ್ಲು. ಅಕಿನಂಗ ಮಾತಾಡ್ತೀಯಂತ. ಒಂದೀಟು ಮಾತಾಡಪ್ಪ, ಕೇಳ್ತೀನಿ.”

ಬಾಯಿ ತೆರೆದೆ. ಬರಲಿಲ್ಲ. ಪ್ರಾಂಶುಪಾಲರು, ಕಾಕಾ, ಆಕಾಶವಾಣಿ, ಎಲ್ಲರೂ ಗಂಟಲಲ್ಲಿ ನಿಂತಿದ್ದರು, ಅವರೊಬ್ಬರು ಮಾತ್ರ ಇರಲಿಲ್ಲ. ತಲೆ ತಗ್ಗಿಸಿ ಕೂತೆ. ಅಷ್ಟರಲ್ಲಿ ಜೇಬಿನಲ್ಲಿದ್ದ ಫೋನಿಗೆ ಒಂದೂಕಾಲಾಯಿತು. “ಏ ತಮ್ಮಾ, ತಲಿ ಎತ್ತು! ತಲಿ ಎತ್ತಲೇ, ಬಂತದು!”

ತಾಯಿಯ ಮುಖ ಒಮ್ಮೆಲೇ ಬಾಗಿಲ ಕಡೆ ತಿರುಗಿತು. ಆಮೇಲೆ ನಿಧಾನಕ್ಕೆ ನನ್ನ ಕಡೆ. “ಅಕಿನೇ ಅದು,” ಎಂದರು. ತುಸು ತಡೆದು, ತಲೆ ವಾರೆ ಮಾಡಿ, ಥೇಟ್ ಮಗಳಂತೆಯೇ, “ಆದ್ರ ಅಕಿ ಇಷ್ಟು ಜಲ್ದಿ ಮಾತಾಡ್ತಿದ್ದಿಲ್ಲಪ್ಪ. ನಡುವ ಒಂದು ಉಸಿರು ತಗೋತಿದ್ಲು.”

ಇದಾಗಿ ಮೂರು ವರ್ಷ. ಆ ಅಲಾರಂ ದನಿಯನ್ನು ಉಸಿರು ಸೇರಿಸಿ ಮತ್ತೊಮ್ಮೆ ತುಂಬಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಮಾಡಿಲ್ಲ. ತಪ್ಪಾದದ್ದನ್ನು ಅಳಿಸುವಂತಿಲ್ಲ, ಓದಲು ಬರುವಂತೆ ಇರಬೇಕು.

ಮೊನ್ನೆ ಆ ಫೋನು ಕೂಗಿದ ಮೇಲೆ ನಾನು ಪಾಠ ನಿಲ್ಲಿಸಿ ಇಡೀ ತರಗತಿಯನ್ನು ಮಾಳಿಗೆಗೆ ಹತ್ತಿಸಿದೆ. ಜವಳಗೇರಾದ ಕಡೆ ಬೂದಿ ಬಣ್ಣದ ಪಟ್ಟಿ ಎದ್ದಿತ್ತು. ಮೊದಲಿಗಿಂತ ತೆಳುವು. ಕಾಕಾ ಈಗ ಹುಲ್ಲಿನ ಪಿಂಡಿ ಕಟ್ಟುವ ಮಷೀನು ತರಿಸುತ್ತಾನೆ, ತರಿಸಿದ್ದೇನೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ತರಿಸದವರು ಇನ್ನೂ ಇದ್ದಾರೆ. ಯಂತ್ರ ಹೈದರಾಬಾದಿಗೆ ಹಿಂದಿರುಗಿದೆ, ಪುಸ್ತಕ ಮಾತ್ರ ನನ್ನ ಹತ್ತಿರ ಉಳಿದಿದೆ. ಕಣ್ಣಿಗೆ ಕಂಡ ಆಕಾಶವನ್ನು ಈಗಲೂ ಅದರಲ್ಲಿ ಬರೆಯುತ್ತೇನೆ.

“ಸರ್, ಅದು ಮೋಡ ಏನ್ರಿ?” ಎಂದು, ಮನೆಯಿಂದ ಕರೆ ಬಂತೇ ಎಂದು ಚೇಷ್ಟೆ ಮಾಡಿದ್ದ ಅದೇ ಹಿಂದಿನ ಬೆಂಚಿನವನು ಕೇಳಿದ.

“ನೋಡಿದಾವ ನೀನು. ನೀನ ಬರಿ,” ಎಂದು ಪೆನ್ನು ಕೊಟ್ಟೆ.

ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. ಹೊಗೆ ಎಂದು ಬರೆದ. ಪಕ್ಕದಲ್ಲಿ ತನ್ನ ಹೆಸರು ಬರೆದ. ಆಮೇಲೆ ‘ಪರಿಶೀಲಿಸಿದವರು’ ಎಂಬ ಕೊನೆಯ ಕಾಲಮ್ಮಿನ ಮೇಲೆ ಬೆರಳಿಟ್ಟು, “ಇದನ್ನ ಯಾರು ತುಂಬೋದ್ರಿ? ಮೂರು ವರ್ಷದಿಂದ ಖಾಲಿ ಅದ,” ಎಂದ.

ಮಾಡಿದರೆ ನಾನೇ ಸಹಿ ಮಾಡಬಹುದು. ಅಕ್ಕಾರ ಸಹಿಯನ್ನೂ ಅಣಕಿಸಬಲ್ಲೆ, ಯಾರಿಗೂ ಗುರುತು ಹತ್ತುವುದಿಲ್ಲ. ಪುಸ್ತಕವನ್ನು ಮೆಲ್ಲಗೆ ಮುಚ್ಚಿದೆ.

“ಅದು ಹಂಗ ಇರಲಿ,” ಎಂದೆ.